ಶಾಲು ವಾಪಸ್ ತಂದ ಹವಾಲ್ದಾರರು: ಯುದ್ಧ ನೋಡದ 24 ವರ್ಷದ ಸೇವೆಯ ಒಂದು ಪ್ರಕರಣ

2019ರ ಜುಲೈ 27, ಶನಿವಾರ. ಪ್ರಾರ್ಥನೆಯ ಗಂಟೆ ಇನ್ನೂ ಹೊಡೆದಿರಲಿಲ್ಲ. ಮಳೆ ಒಂದೇ ಸಮ ಸುರಿಯುತ್ತಿತ್ತು. ಅಣ್ಣಯ್ಯ ನಮ್ಮ ಹೈಸ್ಕೂಲಿನ ಜಗಲಿ ಹತ್ತಿ ಬಂದರು. ಕೊಡೆ ಕೊಡವಿ ಗೋಡೆಗೆ ಒರಗಿಸಿದರು. ಬಗಲಲ್ಲಿದ್ದ ಪ್ಲಾಸ್ಟಿಕ್ ಚೀಲದಿಂದ ಒಂದು ಶಾಲು, ಒಂದು ಮೈಸೂರು ಪೇಟ ತೆಗೆದು ನನ್ನ ಮೇಜಿನ ಮೇಲಿಟ್ಟರು. ಶಾಲಿನ ಮಡಿಕೆ ಅಂಗಡಿಯಲ್ಲಿ ಇದ್ದ ಹಾಗೇ ಇತ್ತು. ಅದರ ಮೇಲೆ ಒಂದು ಲಕೋಟೆ ಇಟ್ಟರು.

"ಹಣ್ಣು ಮನೇಲಿ ಮಕ್ಕಳು ತಿಂದಾಯ್ತು ಮೇಷ್ಟ್ರೇ. ಅದರದ್ದು ಮುನ್ನೂರು ರೂಪಾಯಿ ಇದರಲ್ಲಿದೆ. ಕಮ್ಮಿ ಆದ್ರೆ ಹೇಳಿ."

"ಎಂತಕ್ಕೆ ಅಣ್ಣಯ್ಯ?" ಎಂದೆ.

"ಇದು ನಂದಲ್ಲ" ಎಂದರು. ಕೊಡೆ ಬಿಚ್ಚಿಕೊಂಡು ಇಳಿದು ಹೋದರು.

ಈ ಒಂದು ಘಟನೆಯ ಬೆನ್ನು ಹತ್ತಿ ನಾನು ಮೂರು ವರ್ಷ ಓಡಾಡಿದ್ದೇನೆ. ನಮ್ಮ ಮಲೆನಾಡಿನಲ್ಲಿ ಮಾಜಿ ಸೈನಿಕರನ್ನು ವೇದಿಕೆಗೆ ಕರೆದು ಸನ್ಮಾನ ಮಾಡುವ ಶಾಲೆಗಳು, ಯುವಕ ಸಂಘಗಳು ಬೇಕಾದಷ್ಟಿವೆ. ಅವರೆಲ್ಲ ಓದಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಅಣ್ಣಯ್ಯ ಇದನ್ನು ಓದಿ ಒಪ್ಪಿದ್ದಾರೆ. ಹೆಸರು, ಊರು ಮಾತ್ರ ಬೇಡ ಎಂದರು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗುವ ಒಂದು ಹಳ್ಳಿ ಅಂತ ತಿಳಿದರೆ ಸಾಕು. ಊರವರಿಗೆ ಅವರು 'ಮಿಲಿಟ್ರಿ ಅಣ್ಣಯ್ಯ'. ಇಲ್ಲೂ ಅಣ್ಣಯ್ಯ ಎಂದೇ ಬರೆಯುತ್ತೇನೆ.

ಹಿಂದಿನ ದಿನ ಆದದ್ದು

ಜುಲೈ 26 ಕಾರ್ಗಿಲ್ ವಿಜಯ ದಿವಸ. ಆ ವರ್ಷ 20 ವರ್ಷ ತುಂಬಿತ್ತು. ಟಿವಿಯಲ್ಲಿ, ಮೊಬೈಲಿನಲ್ಲಿ ಎಲ್ಲ ಕಡೆ ಅದೇ ಸುದ್ದಿ. ನಮ್ಮ ಶಾಲೆಯಲ್ಲೂ ಒಂದು ಕಾರ್ಯಕ್ರಮ ಮಾಡೋಣ ಎಂದು ಹೊರಟವನು ನಾನೇ. ಸಮಾಜ ವಿಜ್ಞಾನ ಪಾಠ ಮಾಡುವವನು ನಾನಾದ್ದರಿಂದ ಕೆಲಸವೂ ನನ್ನ ಪಾಲಿಗೇ ಬಂತು. ಸುತ್ತಲಿನ ನಾಲ್ಕು ಹಳ್ಳಿಗೆ ಇದ್ದ ಮಾಜಿ ಸೈನಿಕರು ಅಣ್ಣಯ್ಯ ಒಬ್ಬರೇ. ಅವರು 1984ರಲ್ಲಿ ಸೇನೆಗೆ ಸೇರಿ 2008ರಲ್ಲಿ ನಿವೃತ್ತರಾದವರು ಎಂದು ನನಗೆ ಗೊತ್ತಿತ್ತು. ಕಾರ್ಗಿಲ್ ಯುದ್ಧ 1999ರಲ್ಲಿ. 84ಕ್ಕೂ 2008ಕ್ಕೂ ನಡುವೆ 99 ಬರುತ್ತದೆ. ಅಷ್ಟೇ ನಾನು ಹಾಕಿದ ಲೆಕ್ಕ. ಅವರನ್ನು ಒಂದು ಮಾತು ಕೇಳಲಿಲ್ಲ. ತೀರ್ಥಹಳ್ಳಿಯಲ್ಲಿ ಫ್ಲೆಕ್ಸ್ ಮಾಡಿಸುವಾಗ 'ಕಾರ್ಗಿಲ್ ವೀರ ಯೋಧರಿಗೆ ಸನ್ಮಾನ' ಎಂದು ಬರೆಸಿದೆ. ಕೆಳಗೆ ಅವರ ಫೋಟೋ, ಪಕ್ಕದಲ್ಲಿ ಹಿಮದ ಬೆಟ್ಟ, ಬಾವುಟ.

ಅಣ್ಣಯ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಎದೆಗೆ ಪದಕಗಳ ಸಾಲು ಸಿಕ್ಕಿಸಿಕೊಂಡು ಬಂದರು. ಗೇಟಿನ ಹತ್ತಿರ ಫ್ಲೆಕ್ಸ್ ಮುಂದೆ ಒಂದು ಗಳಿಗೆ ನಿಂತರು. ಅವರು ನಿಂತದ್ದನ್ನು ನಾನು ನೋಡಿದೆ. ಸಂತೋಷಕ್ಕೆ ನಿಂತಿದ್ದಾರೆ ಎಂದುಕೊಂಡೆ. ಸ್ವಾಗತ ಭಾಷಣದಲ್ಲಿ ನಾನು ಇನ್ನೂ ನಾಲ್ಕು ಮಾತು ಸೇರಿಸಿದೆ. ಮಕ್ಕಳು ಚಪ್ಪಾಳೆ ಹೊಡೆದರು. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಎದ್ದು, "ಸರ್, ನೀವು ಎಷ್ಟು ಜನ ಶತ್ರುಗಳನ್ನು ಹೊಡೆದ್ರಿ?" ಎಂದು ಕೇಳಿದ. ಅಣ್ಣಯ್ಯ ಮೈಕ್ ಹಿಡಿದುಕೊಂಡು, "ಚೆನ್ನಾಗಿ ಓದಿ ಮಕ್ಕಳೇ, ಮಳೇಲಿ ಹುಷಾರಾಗಿ ಮನೆಗೆ ಹೋಗಿ" ಎಂದಷ್ಟೇ ಹೇಳಿ ಕೂತರು. ವಿನಯ ಅಂದರೆ ಇದು ಎಂದು ನಮ್ಮಲ್ಲೊಬ್ಬರು ಹೇಳಿದರು.

ಅವರು ಆಗಲೇ ಯಾಕೆ ಹೇಳಲಿಲ್ಲ? ಬಹಳ ದಿನದ ಮೇಲೆ ಕೇಳಿದೆ. "ಮಕ್ಕಳ ಎದುರಿಗೆ ಅವರ ಮೇಷ್ಟ್ರನ್ನು ಸುಳ್ಳು ಮಾಡದಾ?" ಎಂದರು.

ನನ್ನ ಎರಡನೇ ತಪ್ಪು

ಮೊದಲನೆಯದು ಅವಸರದ ತಪ್ಪು. ಎರಡನೆಯದನ್ನು ಯೋಚನೆ ಮಾಡಿಯೇ ಮಾಡಿದೆ. ಸೋಮವಾರ ಸಂಜೆ ಶಾಲು ಹಿಡಿದುಕೊಂಡು ಅವರ ಮನೆಗೆ ಹೋದೆ. ಅತ್ತಿಗೆ ಕಾಫಿ ಕೊಟ್ಟರು. ಕ್ಷಮೆ ಕೇಳಿ, ಸಮಾಧಾನದ ಮಾತು ಶುರು ಮಾಡಿದೆ. ಕಾರ್ಗಿಲ್ ಆದರೇನು, ಬೇರೆ ಕಡೆ ಆದರೇನು, ಎಲ್ಲ ಯೋಧರೂ ಒಂದೇ ಅಲ್ವಾ, ದೇಶಸೇವೆ ಅಂದರೆ ದೇಶಸೇವೆ ಎಂದೆ.

ಅಣ್ಣಯ್ಯ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ, "ಎಲ್ಲಾ ಒಂದೇ ಅಲ್ಲ ಮೇಷ್ಟ್ರೇ. ಅಲ್ಲಿ ಹೋದವರು ಬೇರೆ. ನಾನು ಬೇರೆ. ಒಂದೇ ಅಂದ್ರೆ ಇಬ್ಬರಿಗೂ ಮೋಸ" ಎಂದರು. ಮಾತು ಅಲ್ಲಿಗೆ ನಿಂತಿತು. ಶಾಲು ನನ್ನ ಜೊತೆಯೇ ವಾಪಸ್ ಬಂತು.

'ಇಬ್ಬರಿಗೂ ಮೋಸ' ಎಂಬ ಮಾತು ನನಗೆ ಆವತ್ತು ಅರ್ಥ ಆಗಲಿಲ್ಲ. ಕಾರ್ಗಿಲ್‌ನಲ್ಲಿ ಹೋರಾಡಿದವರಿಗೆ ಮೋಸ, ಸರಿ. ಅವರ ಹೆಸರನ್ನು ಬೇರೆಯವರು ತೊಟ್ಟುಕೊಂಡ ಹಾಗೆ ಆಗುತ್ತದೆ. ಇನ್ನೊಬ್ಬರು ಯಾರು? ಅಣ್ಣಯ್ಯನವರೇ ಇರಬೇಕು ಎಂದುಕೊಂಡೆ. ಅಲ್ಲ ಎಂದು ತಿಳಿಯಲು ಆರು ತಿಂಗಳು ಹಿಡಿಯಿತು.

ಡಿಸ್ಚಾರ್ಜ್ ಪುಸ್ತಕ

ನವೆಂಬರ್ ಬಂತು. ಪಿಂಚಣಿ ತೆಗೆದುಕೊಳ್ಳುವವರು ಬದುಕಿದ್ದೇನೆ ಎಂದು ಪ್ರಮಾಣ ಕೊಡುವ ತಿಂಗಳು. ಅಣ್ಣಯ್ಯನವರ ಬೆರಳಚ್ಚು ಯಂತ್ರಕ್ಕೆ ಸಿಗುತ್ತಿರಲಿಲ್ಲ. ಅಡಿಕೆ ಸುಲಿದು, ಚೊಗರು ಹಿಡಿದು ಬೆರಳಿನ ಗೆರೆ ಸವೆದಿತ್ತು. ಅತ್ತಿಗೆ ಫೋನ್ ಮಾಡಿ, ಸ್ವಲ್ಪ ಬಂದು ನೋಡಿ ಎಂದರು. ಹೋದೆ. ಹತ್ತು ಬೆರಳಲ್ಲಿ ಒಂದು ಕೊನೆಗೂ ಸಿಕ್ಕಿತು. ದಾಖಲೆಗೆ ಬೇಕೆಂದು ಅವರು ಕಪ್ಪು ಟ್ರಂಕು ತೆಗೆದು ಡಿಸ್ಚಾರ್ಜ್ ಪುಸ್ತಕ ಕೊಟ್ಟರು. ನಂಬರ್ ಹುಡುಕುತ್ತಾ ಪುಟ ತಿರುಗಿಸಿದೆ. ಆವಾಗಲೇ ನಾನು ಮೊದಲ ಸಲ ಅವರ ಸೇವೆಯನ್ನು ಸರಿಯಾಗಿ ಓದಿದ್ದು. ಫ್ಲೆಕ್ಸ್ ಮಾಡಿಸುವ ಮುಂಚೆ ಓದಬೇಕಿದ್ದ ಪುಸ್ತಕ ಅದು.

ಅವರ ಅಪ್ಪ ಗೇಣಿ ಒಕ್ಕಲು. 1974ರ ಭೂ ಸುಧಾರಣೆ ಆದ ಮೇಲೆ ಡಿಕ್ಲರೇಷನ್ ಹಾಕಿ ಎರಡು ಎಕರೆ ಸಿಕ್ಕಿತ್ತು. ಗಂಡು ಮಕ್ಕಳು ನಾಲ್ವರು. ಎರಡು ಎಕರೆ ನಾಲ್ಕು ಪಾಲಾದರೆ ಯಾರಿಗೂ ಗಂಜಿ ಹುಟ್ಟುವುದಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಮೂರನೆಯವರು 19ನೇ ವಯಸ್ಸಿಗೆ ಬೆಂಗಳೂರಿಗೆ ಹೋಗಿ ಮದ್ರಾಸ್ ಸ್ಯಾಪರ್ಸ್ ಸೇರಿದರು. ಹಲಸೂರು ಕೆರೆಯ ಪಕ್ಕದಲ್ಲಿ ಇವರ ಕೇಂದ್ರ. 1780ರಿಂದ ಬಂದ ಪಡೆ. ಸ್ಯಾಪರ್ ಅಂದರೆ ಸೇನೆಯ ಎಂಜಿನಿಯರಿಂಗ್ ಕೆಲಸದ ಸೈನಿಕ. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲಬಾಂಬ್ ಹಾಕುವುದು, ತೆಗೆಯುವುದು. ಈ ಪಡೆಯವರಿಗೆ ಸೇನೆಯಲ್ಲಿ 'ತಂಬಿ' (ತಮಿಳಿನಲ್ಲಿ ತಮ್ಮ) ಎಂದೇ ಹೆಸರು. ಕನ್ನಡದವರು, ತೆಲುಗರು, ಮಲಯಾಳಿಗಳು, ತಮಿಳರು, ಎಲ್ಲರೂ ತಂಬಿಗಳೇ.

1986ರ ಕೊನೆಯಿಂದ 87ರವರೆಗೆ ರಾಜಸ್ಥಾನದಲ್ಲಿ ಬ್ರಾಸ್‌ಟ್ಯಾಕ್ಸ್ ಎಂಬ ದೊಡ್ಡ ಸಮರಾಭ್ಯಾಸ. ಪಾಕಿಸ್ತಾನದ ಜೊತೆ ಯುದ್ಧ ಆಗಿಯೇ ಬಿಡುತ್ತದೆ ಎಂದು ಜಗತ್ತು ಹೆದರಿದ ಕಾಲ ಅದು. ಆಗಲಿಲ್ಲ. ಅದೇ ವರ್ಷ ಇವರ ಜೊತೆ ಸೇರಿದ ಕೆಲವರು ಶಾಂತಿಪಾಲನಾ ಪಡೆಯಲ್ಲಿ ಶ್ರೀಲಂಕಾಕ್ಕೆ ಹೋದರು. ಇವರ ಕಂಪನಿಗೆ ಆದೇಶ ಬರಲಿಲ್ಲ. 1989ರಿಂದ 92ರವರೆಗೆ ಅರುಣಾಚಲದಲ್ಲಿ ರಸ್ತೆ ಕೆಲಸ. ಆಮೇಲೆ ಸಿಕಂದರಾಬಾದ್. 1997ರಿಂದ 2000ದವರೆಗೆ ವಾಪಸ್ ಬೆಂಗಳೂರಿನ ತರಬೇತಿ ಕೇಂದ್ರದಲ್ಲಿ ಉಸ್ತಾದ್, ಅಂದರೆ ಹೊಸಬರಿಗೆ ಕಲಿಸುವವರು.

ಅಂದರೆ 1999ರ ಮೇ, ಜೂನ್, ಜುಲೈನಲ್ಲಿ, ನಾನು ಅವರನ್ನು ಹಿಮದ ಬೆಟ್ಟದ ಮೇಲೆ ನಿಲ್ಲಿಸಿದ್ದ ತಿಂಗಳುಗಳಲ್ಲಿ, ಅಣ್ಣಯ್ಯ ಹಲಸೂರಿನಲ್ಲಿ ಹುಡುಗರಿಗೆ ಹಗ್ಗದ ಗಂಟು ಹೇಳಿಕೊಡುತ್ತಿದ್ದರು.

ಕೈಗೆ ಕೆಲಸ ಇದ್ದಾಗ ಬರುವ ಮಾತು

ಜಗಲಿಯಲ್ಲಿ ಎದುರು ಬದುರು ಕೂತು ಕೇಳಿದರೆ ಅವರ ಬಾಯಿಂದ ಬರುವುದು ಒಂದೇ ಮಾತು: "ಎಂತದೂ ಇಲ್ಲ ಬಿಡಿ." ಡಿಸೆಂಬರಿನಲ್ಲಿ ಅಡಿಕೆ ಕೊನೆ ಕೊಯ್ಲು ಶುರುವಾಯಿತು. ರಾತ್ರಿ ಅಂಗಳದಲ್ಲಿ ಬಲ್ಬಿನ ಕೆಳಗೆ ಅಡಿಕೆ ಸುಲಿಯಲು ಕೂರುತ್ತಿದ್ದರು. ನನಗೂ ಒಂದು ಮೆಟ್ಟುಗತ್ತಿ ಕೊಟ್ಟರು. ನಮ್ಮ ಮನೆಯಲ್ಲೂ ತೋಟ ಇತ್ತು, ಸುಲಿಯಲು ಬರುತ್ತದೆ. ಕಣ್ಣು, ಕೈ ಅಡಿಕೆಯ ಮೇಲೆ ಇದ್ದಾಗ ಅವರ ಮಾತು ತಾನಾಗಿ ಬಂತು. ನಾನು ಪೆನ್ನು ತೆಗೆಯಲಿಲ್ಲ. ಮನೆಗೆ ಬಂದು ಬರೆದಿಟ್ಟೆ.

ಮೊದಲು ಬಂದದ್ದು ಸೇತುವೆ. ಬೈಲಿ (Bailey) ಸೇತುವೆ ಎಂಬುದು ಎರಡನೇ ಮಹಾಯುದ್ಧದ ಕಾಲದ ಜೋಡಣೆ ಸೇತುವೆ. ಹತ್ತಡಿ ಉದ್ದದ ಒಂದೊಂದು ಕಬ್ಬಿಣದ ಚೌಕಟ್ಟು ಸುಮಾರು 260 ಕಿಲೋ. ಕ್ರೇನ್ ಇಲ್ಲದೆ ಆರು ಜನ ಹೊರಬೇಕು. "ಆರು ಜನ ಒಂದೇ ಎತ್ತರ ಇರಲ್ಲ. ಎತ್ತರದವನಿಗೆ ಭಾರ ಜಾಸ್ತಿ. ಅವನು ಹೇಳಲ್ಲ. ಮೂರನೇ ದಿನ ಬೆನ್ನು ಹಿಡ್ಕೊಂಡಾಗ ಗೊತ್ತಾಗ್ತದೆ. ಅದಕ್ಕೆ ನಾನು ಉಸ್ತಾದ್ ಆದ ಮೇಲೆ ಮೊದಲು ಎತ್ತರ ನೋಡಿ ಹುಡುಗರನ್ನು ಜೋಡಿ ಮಾಡ್ತಿದ್ದೆ." ಬ್ರಾಸ್‌ಟ್ಯಾಕ್ಸ್‌ನ ಕಾಲದಲ್ಲಿ ರಾಜಸ್ಥಾನದ ಕಾಲುವೆ ಮೇಲೆ ರಾತ್ರಿ ಕಟ್ಟಿದ್ದನ್ನು ಬೆಳಿಗ್ಗೆ ಬಿಚ್ಚುತ್ತಿದ್ದರಂತೆ. ಯಾರೂ ದಾಟದ ಸೇತುವೆ. ಬೇಜಾರಾಗುತ್ತಿರಲಿಲ್ಲವಾ ಎಂದೆ. "ದಾಟುವ ದಿನ ಬಂದ್ರೆ ಕಲಿಯಕ್ಕೆ ಟೈಮ್ ಎಲ್ಲಿರ್ತದೆ?" ಎಂದರು.

ಅರುಣಾಚಲದ ಮಾತು ಬಂದಾಗ ಮುಖ ಅರಳುತ್ತಿತ್ತು. ತೇಜ್‌ಪುರದಿಂದ ಬೊಮ್ಡಿಲಾ, ಸೇಲಾ ದಾಟಿ ತವಾಂಗ್‌ಗೆ ಹೋಗುವ ರಸ್ತೆ. ಸೇಲಾ ಕಣಿವೆ 13,700 ಅಡಿ ಎತ್ತರ. ಗುಡ್ಡ ಕುಸಿಯುವುದು, ಇವರು ಮಣ್ಣು ತೆಗೆಯುವುದು, ಮತ್ತೆ ಕುಸಿಯುವುದು. "ಆಗುಂಬೆ ಘಾಟಿ ನೋಡಿ ಬೆಳೆದವನು ಅಂತ ಮಳೆ ಬಗ್ಗೆ ನನ್ನನ್ನೇ ಕೇಳ್ತಿದ್ರು. ನೀರು ಎಲ್ಲಿ ಒಳಗೆ ಹೊಕ್ಕಿದೆ ಅಂತ ನಮಗೆ ಮಣ್ಣು ನೋಡಿದ್ರೆ ಗೊತ್ತಾಗ್ತದಲ್ಲ." ಆ ಮೂರು ವರ್ಷದಲ್ಲಿ ಅವರ ಅಪ್ಪ ತೀರಿಕೊಂಡರು. ಟೆಲಿಗ್ರಾಂ ಆರನೇ ದಿನಕ್ಕೆ ಸಿಕ್ಕಿತು. ಊರಿಗೆ ತಲುಪಿದಾಗ ಹನ್ನೊಂದನೇ ದಿನದ ಕೆಲಸ ಮುಗಿದಿತ್ತು.

2001ರ ಜನವರಿಯಲ್ಲಿ ಭುಜ್ ಭೂಕಂಪ. ಆಗ ಅವರ ಪಲ್ಟನ್ ಪಶ್ಚಿಮದ ಕಡೆ ಇತ್ತು. ಕಾಂಕ್ರೀಟ್ ತುಂಡು ಎತ್ತಿ ಎತ್ತಿ ಹಾಕಿದ ಕೆಲಸ ಅದು. ಅದರ ಬಗ್ಗೆ ಅವರು ಹೆಚ್ಚು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮರಳು, ಮೈನು, ಲೆಕ್ಕ

2001ರ ಡಿಸೆಂಬರ್ 13ರಂದು ದೆಹಲಿಯಲ್ಲಿ ಸಂಸತ್ತಿನ ಮೇಲೆ ದಾಳಿ ಆಯಿತು. ಅದರ ಬೆನ್ನಿಗೇ ಸೇನೆ ಗಡಿಗೆ ಹೊರಟಿತು. ಆಪರೇಷನ್ ಪರಾಕ್ರಮ್. ಸುಮಾರು ಹತ್ತು ತಿಂಗಳು ಭಾರತ, ಪಾಕಿಸ್ತಾನ ಎರಡೂ ದೇಶದ ಸೈನಿಕರು ಲಕ್ಷಗಟ್ಟಲೆ ಎದುರು ಬದುರು ನಿಂತಿದ್ದರು. 2002ರ ಅಕ್ಟೋಬರಿನಲ್ಲಿ ಹಿಂದಕ್ಕೆ ಕರೆಸುವ ತೀರ್ಮಾನ ಆಯಿತು. ಯುದ್ಧ ನಡೆಯಲಿಲ್ಲ. ಪಾಠ ಪುಸ್ತಕದಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ. ನಾನೂ ಮಕ್ಕಳಿಗೆ ಹೇಳಿದವನಲ್ಲ.

ಸ್ಯಾಪರ್‌ಗಳಿಗೆ ಮಾತ್ರ ಕೆಲಸ ಮೊದಲ ದಿನದಿಂದಲೇ ಶುರು. ಗಡಿಯ ಉದ್ದಕ್ಕೂ ಮೈನ್, ಅಂದರೆ ನೆಲಬಾಂಬ್, ಹಾಕಬೇಕು. ಅದರಲ್ಲಿ ಒಂದು ಜಾತಿಯದು ಬೂಟ್ ಪಾಲಿಶ್ ಡಬ್ಬಿಯಷ್ಟೇ ದೊಡ್ಡದು, ಪ್ಲಾಸ್ಟಿಕ್ಕಿನದು. ಒಳಗೆ ಲೋಹ ತೀರಾ ಕಡಿಮೆ, ಯಂತ್ರಕ್ಕೆ ಸುಲಭಕ್ಕೆ ಸಿಗುವುದಿಲ್ಲ. ಹಾಕುವಾಗ ಸಾಲು, ದೂರ, ದಿಕ್ಕು, ಎಣಿಕೆ ಎಲ್ಲ ಬರೆದಿಡಬೇಕು. ಮುಂದೆ ತೆಗೆಯುವವನು ಆ ಕಾಗದ ನಂಬಿಯೇ ಹೊಟ್ಟೆ ಮೇಲೆ ತೆವಳುವುದು. ಜನವರಿಯ ಮರುಭೂಮಿಯಲ್ಲಿ ರಾತ್ರಿ ಹೊತ್ತು ಬೆರಳು ಮರಗಟ್ಟುತ್ತದೆ. ಕೈಗವಸು ಹಾಕಿಕೊಂಡರೆ ಬೆರಳಿಗೆ ತಿಳಿಯುವುದಿಲ್ಲ.

ಇದನ್ನೆಲ್ಲ ಹೇಳುತ್ತಾ ಹೇಳುತ್ತಾ ಅಣ್ಣಯ್ಯನವರ ಕೈ ನಿಂತಿತು. ಅಷ್ಟು ದಿನದಲ್ಲಿ ಅವರು ಅಡಿಕೆ ಸುಲಿಯುವುದನ್ನು ನಿಲ್ಲಿಸಿದ್ದು ಅದೇ ಮೊದಲು.

"ಒಬ್ಬ ಹುಡುಗ ಇದ್ದ. ಹಲಸೂರಲ್ಲಿ ನನ್ನ ಕೈ ಕೆಳಗೇ ತಯಾರಾದವನು, ಕಾರ್ಗಿಲ್ ನಡೀತಿತ್ತಲ್ಲ, ಅದೇ ಹೊತ್ತಿಗೆ. ಗಂಟು ಹಾಕಕ್ಕೆ ಬರ್ತಿರಲಿಲ್ಲ ಅವನಿಗೆ. ಎಲ್ಲರೂ ಮಲಗಿದ ಮೇಲೂ ಮಂಚದ ಕಾಲಿಗೆ ಹಗ್ಗ ಕಟ್ಟಿ ಕಟ್ಟಿ ಕಲಿತ. ಆಮೇಲೆ ನಮ್ಮ ಪಲ್ಟನ್‌ಗೇ ಬಂದ. ಆವತ್ತು ನನ್ನಿಂದ ಎರಡು ಸಾಲು ಆಚೆ ಇದ್ದ. ಒಂದೇ ಸದ್ದು."

ಹೆಸರು ಕೇಳಿದೆ. "ಹೆಸರು ಬೇಡ ಮೇಷ್ಟ್ರೇ. ತಂಬಿ ಅಂತ ಬರೀರಿ."

ಶವದ ಜೊತೆ ತಮಿಳುನಾಡಿನ ಹಳ್ಳಿಗೆ ಹೋದವರಲ್ಲಿ ಅಣ್ಣಯ್ಯ ಒಬ್ಬರು. ತಮಿಳು ಅವರಿಗೆ ಪಲ್ಟನ್‌ನಲ್ಲೇ ಬಂದದ್ದು. ಎಲ್ಲ ಮುಗಿದ ಮೇಲೆ ಹುಡುಗನ ಅಪ್ಪ ಇವರನ್ನು ಮನೆಯ ಹಿಂದೆ ಕರೆದುಕೊಂಡು ಹೋದರು. ಯುದ್ಧ ಶುರುವಾಯಿತಾ ಎಂದು ಕೇಳಿದರು. ಇಲ್ಲ ಅಪ್ಪಾ ಎಂದರು ಇವರು. ಹಾಗಾದರೆ ನನ್ನ ಮಗ ಹೇಗೆ ಸತ್ತ ಎಂದು ಆ ಮುದುಕ ಕೇಳಿದರು.

"ಹದಿನೆಂಟು ವರ್ಷ ಆಯ್ತು. ಮೈನು ಹೆಂಗೆ ಸಿಡೀತು ಅಂತ ಹೇಳಬಲ್ಲೆ. ಅವರು ಕೇಳಿದ್ದು ಅದಲ್ಲ. ಆ ಪ್ರಶ್ನೆಗೆ ಉತ್ತರ ಇನ್ನೂ ನನ್ನ ಹತ್ರ ಇಲ್ಲ. ನಾನು ಯುದ್ಧಕ್ಕೆ ಹೋಗಿಲ್ಲ, ನೀವು ಹೋದ ಅಂತ ಬರೆಸಿದ್ರಿ, ಶಾಲು ಹೊದಿಸಿದ್ರಿ. ಅವನು ಸತ್ತದ್ದು ನಿಜ. ಅದು ಯಾವ ದಿವಸ ಅಂತ ಯಾರಿಗೂ ಗೊತ್ತಿಲ್ಲ."

ಇಬ್ಬರಿಗೂ ಮೋಸ ಎಂದರಲ್ಲ, ಆ ಇನ್ನೊಬ್ಬ ಇವನು.

ಕಾರ್ಗಿಲ್‌ನಲ್ಲಿ ನಮ್ಮ 527 ಸೈನಿಕರು ಸತ್ತರು. ಆ ಸಂಖ್ಯೆ ನಮ್ಮ ಹತ್ತನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಪರಾಕ್ರಮ್ ಕಾಲದಲ್ಲಿ ಸತ್ತವರು 798 ಎಂದು 2003ರಲ್ಲಿ ಆಗಿನ ರಕ್ಷಣಾ ಮಂತ್ರಿ ಜಾರ್ಜ್ ಫರ್ನಾಂಡಿಸ್ ಸಂಸತ್ತಿಗೆ ತಿಳಿಸಿದರು. ಯುದ್ಧವೇ ಆಗದೆ. ನಾನು ಎರಡನ್ನೂ ತೂಗಲು ಹೊರಟಿಲ್ಲ. ಸಾವನ್ನು ಹಾಗೆ ತೂಗಬಾರದು. ಆದರೆ ಗಡಿಯಲ್ಲಿ ಮೈನ್ ಹಾಕುವಾಗ, ತೆಗೆಯುವಾಗ ಸತ್ತವರಿಗೆ ಸೇನೆಯ ಪಿಂಚಣಿ ನಿಯಮದಲ್ಲಿ ಬೇರೆಯೇ ಜಾಗ ಇದೆ. ಸರ್ಕಾರದ ಕಾಗದಕ್ಕೆ ಅದು ಏನೆಂದು ಗೊತ್ತು. ನಮ್ಮ ಊರಿನ ಮಾತಿನಲ್ಲಿ ಮಾತ್ರ ಅದಕ್ಕೆ ಜಾಗ ಇಲ್ಲ. ನಮ್ಮಲ್ಲಿ ಇರುವುದು ಎರಡೇ: ಯುದ್ಧ, ಇಲ್ಲದಿದ್ದರೆ 'ಎಂತದೂ ಇಲ್ಲ'.

ಪಡೆ ಹಿಂದೆ ಹೋದ ಮೇಲೂ ಸ್ಯಾಪರ್‌ಗಳು ಉಳಿದರು. ಹಾಕಿದ್ದನ್ನು ತೆಗೆಯಬೇಕಲ್ಲ. ರೈತರಿಗೆ ಜಮೀನು ಬಿಟ್ಟುಕೊಡಬೇಕು. ಕಬ್ಬಿಣದ ಕಡ್ಡಿ ಹಿಡಿದು, ಮಲಗಿಕೊಂಡು, ನೆಲವನ್ನು ಓರೆಯಾಗಿ ಚುಚ್ಚುತ್ತಾ ಹೋಗುವ ಕೆಲಸ. ನೇರ ಚುಚ್ಚಿದರೆ ಕಡ್ಡಿ ಮೈನಿನ ತಲೆಗೇ ತಾಗುತ್ತದೆ. ಮರಳು ಗಾಳಿಗೆ ಜರುಗುತ್ತದೆ, ಮೈನೂ ಜರುಗುತ್ತದೆ. ಒಂದು ತುಂಡು ನೆಲದಲ್ಲಿ ಇವರ ಲೆಕ್ಕಕ್ಕೆ ಒಂದು ಕಡಿಮೆ ಬಂತು. ಒಂದೇ ಒಂದು. ಆ ಹೊಲದ ಯಜಮಾನ ದಿನಾ ಬೇಲಿ ಆಚೆ ಬಂದು ನಿಲ್ಲುತ್ತಿದ್ದರಂತೆ. ಬಿತ್ತನೆ ಸಮಯ. ಒಂಬತ್ತು ದಿನ ಹುಡುಕಿದರು. ಒಂಬತ್ತನೇ ದಿನ ಸಿಕ್ಕಿತು, ಇರಬೇಕಾದ ಜಾಗದಿಂದ ಬಹಳ ಆಚೆ. "ಆವತ್ತು ಲಂಗರ್‌ನಲ್ಲಿ (ಪಲ್ಟನ್‌ನ ಅಡುಗೆಮನೆ) ಹಲ್ವಾ ಮಾಡಿಸಿದ್ವಿ" ಎಂದರು. ಅಷ್ಟು ಹೇಳಿ ಮತ್ತೆ ಸುಲಿಯಲು ಶುರು ಮಾಡಿದರು.

ನನ್ನ ಅಭಿಪ್ರಾಯ ಇಲ್ಲೇ ಹೇಳಿಬಿಡುತ್ತೇನೆ. ಆ ರೈತ ಆ ವರ್ಷ ಕಾಲು ಉಳಿಸಿಕೊಂಡು ಬಿತ್ತಿದ್ದು ನನ್ನ ಲೆಕ್ಕದಲ್ಲಿ ಯಾವ ಗೆಲುವಿಗೂ ಕಡಿಮೆ ಅಲ್ಲ. ಅದನ್ನು ಮಕ್ಕಳಿಗೆ ಹೇಳದೆ ಎಷ್ಟು ಜನರನ್ನು ಹೊಡೆದಿರಿ ಎಂದು ಕೇಳಲು ಕಲಿಸಿದವರು ನಾವೇ. ಆ ಹುಡುಗನ ಪ್ರಶ್ನೆಯಲ್ಲಿ ತಪ್ಪಿಲ್ಲ. ಅವನ ಮುಂದೆ ನಾನು ನೇತು ಹಾಕಿದ ಫ್ಲೆಕ್ಸಿನಿಂದ ಬಂದ ಪ್ರಶ್ನೆ ಅದು.

ಅತ್ತಿಗೆಯವರ 18 ವರ್ಷ

ಈ ಪ್ರಕರಣದಲ್ಲಿ ಅತ್ತಿಗೆಯವರ ಮಾತು ಕೇಳದಿದ್ದರೆ ಅರ್ಧವೇ ಆಗುತ್ತಿತ್ತು. ಅವರು ಮದುವೆಯಾಗಿ ಬಂದದ್ದು 1990ರಲ್ಲಿ. ಗಂಡನ ಜೊತೆ ಕ್ವಾರ್ಟರ್ಸಿನಲ್ಲಿ ಇದ್ದದ್ದು ಸಿಕಂದರಾಬಾದಿನಲ್ಲಿ ಎರಡು ವರ್ಷ, ಬೆಂಗಳೂರಿನಲ್ಲಿ ಎರಡು ವರ್ಷ. ಉಳಿದದ್ದೆಲ್ಲ ವರ್ಷಕ್ಕೆ 60 ದಿನದ ರಜೆ, ನಡುವೆ ಸಿಕ್ಕರೆ ಇನ್ನೊಂದಿಷ್ಟು ದಿನ. ಕೊಳೆ ರೋಗ ಬಂದ ವರ್ಷ ಬೋರ್ಡೋ ಹೊಡೆಸಿದ್ದು, ಕೊನೆಗಾರನನ್ನು ಹುಡುಕಿದ್ದು, ಮಕ್ಕಳ ಜ್ವರ, ಅತ್ತೆಯ ಕಾಯಿಲೆ, ಎಲ್ಲ ಅವರೇ. ಕಾಗದದ ವಿಳಾಸ 99 ಎಪಿಒ (ಸೇನೆಯ ಅಂಚೆ ಕಚೇರಿ) ಇದ್ದರೆ ಪೂರ್ವದ ಕಡೆ, 56 ಎಪಿಒ ಇದ್ದರೆ ಪಶ್ಚಿಮದ ಕಡೆ. ಊರಿನ ಹೆಸರು ಇರುವುದಿಲ್ಲ. ಗಂಡ ಎಲ್ಲಿದ್ದಾರೆ ಎಂಬುದಕ್ಕೆ ಅವರಿಗೆ ಇದ್ದ ಗುರುತು ಆ ಎರಡು ಅಂಕೆ.

"ಇವರು ಯುದ್ಧಕ್ಕೆ ಹೋಗಲಿಲ್ಲ ಅಂತಾರೆ" ಎಂದರು ಅತ್ತಿಗೆ, ಒಲೆ ಮುಂದೆ ಕೂತು ಅಕ್ಕಿ ರೊಟ್ಟಿ ತಟ್ಟುತ್ತಾ. "ಆ ಪರಾಕ್ರಮದ ಸಮಯದಲ್ಲಿ ಐದು ವಾರ ಕಾಗದ ಇಲ್ಲ, ಫೋನ್ ಇಲ್ಲ. ನಾನು ದಿನಾ ಭದ್ರಾವತಿ ರೇಡಿಯೋ ಹಾಕ್ಕೊಂಡು ವಾರ್ತೆ ಕೇಳ್ತಿದ್ದೆ. ಯುದ್ಧ ಆಗ್ತದೆ, ಆಗಲ್ಲ, ಆಗ್ತದೆ, ಆಗಲ್ಲ. ಆಗಲೇ ಇಲ್ಲ ಅಂತ ನೀವು ಹೇಳ್ತೀರಿ. ನನಗೆ ಆಯ್ತು."

ಅಣ್ಣಯ್ಯ ಅಲ್ಲೇ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ತಂಬಿಯ ವಿಷಯವನ್ನು ಅವರು ಅತ್ತಿಗೆಗೆ ಹೇಳಿರಲೇ ಇಲ್ಲ ಎಂದು ನನಗೆ ತಿಳಿದದ್ದು ಆವತ್ತು. ಅತ್ತಿಗೆಗೂ ಅಂಗಳದ ಆ ರಾತ್ರಿಯೇ, ನಾನು ಪಕ್ಕದಲ್ಲಿ ಕೂತು ಕೇಳುವಾಗಲೇ ಗೊತ್ತಾಗಿತ್ತು.

ಇನ್ನಿಬ್ಬರು

ಇದು ಅಣ್ಣಯ್ಯ ಒಬ್ಬರ ಸ್ವಭಾವವೋ, ಎಲ್ಲರೂ ಹೀಗೆಯೋ ನೋಡೋಣ ಎಂದು ಜಿಲ್ಲೆಯ ಇನ್ನಿಬ್ಬರನ್ನು ಹುಡುಕಿಕೊಂಡು ಹೋದೆ. ಹೊಸನಗರದ ಕಡೆಯ ಒಬ್ಬರು ಸೇನೆಯ ಲಾರಿ ಡ್ರೈವರ್ ಆಗಿದ್ದವರು. ಸಾಗರದ ಕಡೆಯ ಇನ್ನೊಬ್ಬರು ಸಿಗ್ನಲ್ಸ್‌ನಲ್ಲಿ, ಅಂದರೆ ಸೇನೆಯ ಸಂಪರ್ಕ ವಿಭಾಗದಲ್ಲಿದ್ದರು. ಇಬ್ಬರೂ 1971ರ ಯುದ್ಧ ಮುಗಿದ ಮೇಲೆ ಸೇರಿ, ಕಾರ್ಗಿಲ್ ಮುಂಚೆ ಬಿಟ್ಟು ಬಂದವರು. ಬಾಗಿಲು ತೆಗೆದು ವಿಷಯ ಕೇಳಿದ ಕೂಡಲೇ ಇಬ್ಬರೂ ಹೇಳಿದ್ದು, "ನಮ್ಮದೇನೂ ಇಲ್ಲ." ಯಾವ ಯುದ್ಧ ಎಂದು ಕೇಳದೆ, ಚಳಿಗಾಲದಲ್ಲಿ ಲಾರಿ ಹೇಗೆ ಸ್ಟಾರ್ಟ್ ಮಾಡುತ್ತಿದ್ದಿರಿ ಎಂದು ಕೇಳಿದೆ. ಮಧ್ಯಾಹ್ನದ ಊಟ ಅಲ್ಲೇ ಆಯಿತು.

ಕೊಡಗಿನಲ್ಲಿ ಹೀಗಿರಲಾರದು ಎಂದು ನನಗೆ ಅನ್ನಿಸುತ್ತದೆ. ಕಾರ್ಯಪ್ಪ, ತಿಮ್ಮಯ್ಯನವರ ನಾಡು ಅದು. ಮನೆ ಮನೆಯಲ್ಲೂ ಒಬ್ಬರು ಫೌಜಿಗೆ ಹೋದವರು ಇದ್ದಾರೆ. ಪೀಸ್ ಸ್ಟೇಷನ್ (ಗಡಿಯಿಂದ ದೂರದ ಶಾಂತ ನೆಲೆ) ಅಂದರೇನು, ಫೀಲ್ಡ್ (ಗಡಿ ಕಡೆಯ ನೆಲೆ) ಅಂದರೇನು ಅಂತ ಹೆಂಗಸರಿಗೂ ಮಕ್ಕಳಿಗೂ ಗೊತ್ತು. ನಮ್ಮ ಕಡೆ ಊರಿಗೊಬ್ಬರು ಇದ್ದರೆ ಹೆಚ್ಚು. ಆ ಒಬ್ಬರಿಗೆ ತನ್ನ ಮಾತು ಅರ್ಥ ಆಗುವ ಇನ್ನೊಬ್ಬರು ಸಿಗುವುದಿಲ್ಲ. ಊರಿಗೋ, ಆ ಒಬ್ಬರೇ ಇಡೀ ಸೇನೆ. ಹಾಗಾಗಿ ಸುಮ್ನೆ ಕಾರ್ಗಿಲ್ ಹೊರಿಸಿಬಿಡುತ್ತೇವೆ.

ಹಗ್ಗದ ಪಾಠ

2020ರ ಮೇ ತಿಂಗಳು. ಶಾಲೆ ಮುಚ್ಚಿತ್ತು. ಅಣ್ಣಯ್ಯ ಫೋನ್ ಮಾಡಿ, "ಹಳ್ಳದ ಹತ್ರ ಬನ್ನಿ, ಹಗ್ಗ ಹಿಡಿಯಕ್ಕೆ ಒಬ್ಬರು ಬೇಕು" ಎಂದರು. ಮಳೆ ಶುರುವಾಗುವ ಮುಂಚೆ ಕಾಲುಸಂಕದ ಕಟ್ಟು ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದರು. ನಮ್ಮ ಶಾಲೆಯ ಹದಿನೈದು ಇಪ್ಪತ್ತು ಮಕ್ಕಳು ದಾಟುವ ಸಂಕ ಅದು. ಅಡಿಕೆ ಮರದ ದಬ್ಬೆಗಳ ಮೇಲೆ ಅವರ ಕೈ ಓಡುವುದನ್ನು ನೋಡಿದೆ. ನಿವೃತ್ತಿ ಆದಾಗಿನಿಂದ ಪ್ರತಿ ಮೇ ತಿಂಗಳಲ್ಲಿ ಇದನ್ನು ಕಟ್ಟುತ್ತಿದ್ದಾರಂತೆ. ನಾನು ಆ ಶಾಲೆಗೆ ಬಂದು ಒಂಬತ್ತು ವರ್ಷ ಆಗಿತ್ತು. ಸಂಕ ಯಾರು ಕಟ್ಟುತ್ತಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ.

2022ರ ಜುಲೈನಲ್ಲಿ, ಶಾಲೆ ಮೊದಲಿನ ಹಾಗೆ ನಡೆಯುತ್ತಿದ್ದಾಗ, ಅವರನ್ನು ಮತ್ತೆ ಕರೆದೆ. ಈ ಸಲ ಮೊದಲು ಕೇಳಿದೆ: ಏನೆಂದು ಹೇಳಲಿ? "26ನೇ ತಾರೀಕು ಬೇಡ. ಆ ದಿನ ಅವರದ್ದು. ಬೇರೆ ಯಾವತ್ತಾದ್ರೂ ಬರ್ತೇನೆ. ಫ್ಲೆಕ್ಸ್ ಬೇಡ. ಹವಾಲ್ದಾರ್, ಮದ್ರಾಸ್ ಸ್ಯಾಪರ್ಸ್, 24 ವರ್ಷ. ಅಷ್ಟು ಹೇಳಿ."

ಆಗಸ್ಟಿನ ಒಂದು ಶನಿವಾರ ಬಂದರು. ಪದಕ ಹಾಕಿರಲಿಲ್ಲ. ಒಂದು ಚೀಲದಲ್ಲಿ ಎರಡೆರಡು ಮೊಳದ ಹಗ್ಗದ ತುಂಡು ತಂದಿದ್ದರು. ಎಂಟನೇ ಕ್ಲಾಸಿನ ಮಕ್ಕಳಿಗೆ ಒಂದೊಂದು ಹಂಚಿದರು. ಎಷ್ಟು ಎಳೆದರೂ ಕುಣಿಕೆ ಬಿಗಿಯದ ಗಂಟು, ನೀರಲ್ಲಿ ಬಿದ್ದವರ ಸೊಂಟಕ್ಕೆ ಹಾಕಿ ಎಳೆಯುವ ಗಂಟು, ಎರಡು ಹಗ್ಗ ಸೇರಿಸುವ ಗಂಟು. ಬಾರದವರ ಪಕ್ಕ ಕೂತು ಕೈ ಹಿಡಿದು ಹೇಳಿಕೊಟ್ಟರು. ಒಬ್ಬಳು ಹುಡುಗಿ, "ಯುದ್ಧ ಇಲ್ಲದಾಗ ಸೈನಿಕರು ಏನು ಮಾಡ್ತಾರೆ ಅಜ್ಜ?" ಎಂದು ಕೇಳಿದಳು. ಅವರು ಬಹಳ ಹೊತ್ತು ಮಾತಾಡಿದರು. ಸೇಲಾದ ಮಣ್ಣು, ಕಾಲುವೆಯ ಸೇತುವೆ, ಮರಳಿನಲ್ಲಿ ಒಂಬತ್ತು ದಿನ. ಮಂಚದ ಕಾಲಿಗೆ ಹಗ್ಗ ಕಟ್ಟಿ ಕಲಿತ ಹುಡುಗನ ಬಗ್ಗೆಯೂ ಹೇಳಿದರು. ಅವನು ಏನಾದ ಎಂದು ಯಾರೋ ಕೇಳಿದರು. ಅದನ್ನೂ ಹೇಳಿದರು. ಕ್ಲಾಸು ಸುಮ್ಮನಾಯಿತು.

ಶಾಲು ಈಗಲೂ ಶಾಲೆಯ ಬೀರುವಿನಲ್ಲಿದೆ. ಅದನ್ನು ಮತ್ತೆ ಕೊಡಲು ನಾನು ಹೋಗಲಿಲ್ಲ.

ಗಂಟೆ ಹೊಡೆಯಿತು. ಮಕ್ಕಳು ಹಗ್ಗ ಕೊಟ್ಟು ಹೊರಗೆ ಓಡತೊಡಗಿದರು. ಅಣ್ಣಯ್ಯ ಚೀಲದ ಮುಂದೆ ಕುಕ್ಕರುಗಾಲಲ್ಲಿ ಕೂತು ಎಣಿಸಿದರು. ಇನ್ನೊಮ್ಮೆ ಎಣಿಸಿದರು. "ಮೂವತ್ತೆಂಟು ಕೊಟ್ಟಿದ್ದೆ ಮೇಷ್ಟ್ರೇ, ಮೂವತ್ತೇಳಿದೆ."

ಇರಲಿ ಬಿಡಿ ಅಣ್ಣಯ್ಯ, ಒಂದು ತುಂಡು ಹಗ್ಗ ತಾನೇ ಎಂದು ಬಾಯಿಗೆ ಬಂದಿತ್ತು. ಹೇಳಲಿಲ್ಲ. ಗೇಟಿಗೆ ಓಡಿ ಮಕ್ಕಳನ್ನು ನಿಲ್ಲಿಸಿದೆ. ಬೆಂಚಿನ ಅಡಿ ನೋಡಿದೆವು, ಕಿಟಕಿ ಆಚೆ ನೋಡಿದೆವು. ಹತ್ತು ನಿಮಿಷ ಆಯಿತು. ಕೊನೆಗೆ ಒಬ್ಬ ಪುಟ್ಟ ಹುಡುಗ ನಾಚಿಕೊಂಡು ಬ್ಯಾಗ್ ತಿರುಗಿಸಿ ತೋರಿಸಿದ. ಕಿತ್ತು ಹೋಗಿದ್ದ ಪಟ್ಟಿಯನ್ನು ಆ ಹಗ್ಗದಿಂದ ಬಿಗಿದಿದ್ದ. ಆವತ್ತು ಕಲಿತ ಗಂಟೇ ಹಾಕಿದ್ದ.

ಅಣ್ಣಯ್ಯ ಗಂಟನ್ನು ಎಳೆದು ನೋಡಿದರು. ಸರಿಯಾಗಿತ್ತು. "ನೀನೇ ಇಟ್ಕೋ" ಎಂದರು. ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಮೂವತ್ತೆಂಟು ಎಂದು ಬರೆದುಕೊಂಡು, ಕೊಡೆ ಬಿಚ್ಚಿ ಮಳೆಗೆ ಇಳಿದರು.